ಮಧ್ಯಾಹ್ನದ ಮೈಕು ಯಾಕೆ ಬಂದು ಬಂದು ಹೋಗುತ್ತದೆ?

ಪ್ರಶ್ನೆ: ಸಕಲೇಶಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಕಾಫಿ ತೋಟದ ಅಂಚಿಗೆ ನಮ್ಮ ಮನೆ. ಎದುರಿಗೆ ಗದ್ದೆ ಬಯಲು. ಬಯಲಿನ ಆಚೆ ತುದಿಗೆ, ಸುಮಾರು ಒಂದೂವರೆ ಕಿಲೋಮೀಟರ್ ದೂರದಲ್ಲಿ ದೇವಸ್ಥಾನ. ಚಳಿಗಾಲದಲ್ಲಿ ಬೆಳಿಗ್ಗೆ ಆರೂವರೆಗೆ ಅಲ್ಲಿ ಹಾಕುವ ಹಾಡು ಪದ ಪದವೂ ಕೇಳಿಸುತ್ತದೆ. ಜಾತ್ರೆಯ ದಿನ ಮಧ್ಯಾಹ್ನ ಅದೇ ಮೈಕು, ಅದೇ ಹಾಡು. ಆದರೆ ಒಮ್ಮೆ ಜೋರಾಗಿ ಬಂದು, ಇನ್ನೊಮ್ಮೆ ಪೂರ್ತಿ ಮಾಯವಾಗುತ್ತದೆ. ರಾಗ ಅಲುಗಾಡಿದ ಹಾಗೆ ಅನ್ನಿಸುತ್ತದೆ. ಗಾಳಿ ಸದ್ದನ್ನು ಹೊತ್ಕೊಂಡು ಹೋಗುತ್ತೆ ಅಂತಾರೆ ಅಪ್ಪ. ನಿಜವಾ? ಮಂಜು ಸದ್ದನ್ನು ತಡೆಯುತ್ತದಾ? ಆನೆ ಬಂದಾಗ ಲೈನ್‌ಮನೆಯವರಿಗೆ (ತೋಟದ ಕೆಲಸಗಾರರ ಸಾಲುಮನೆಯವರಿಗೆ) ತಿಳಿಯಲಿ ಅಂತ ಒಂದು ಸೈರನ್ ಹಾಕಿಸಬೇಕು ಅಂತಿದ್ದೇವೆ. ಎಲ್ಲಿ, ಹೇಗೆ ಹಾಕಿಸಿದರೆ ಒಳ್ಳೆಯದು?

ಉತ್ತರ: ನಿಮ್ಮ ತಂದೆಯವರ ಮಾತಿನಿಂದಲೇ ಶುರು ಮಾಡೋಣ. ಗಾಳಿ ಬೀಸುವ ಕಡೆಗೆ ಸದ್ದು ಚೆನ್ನಾಗಿ ಕೇಳಿಸುತ್ತದೆ ಅನ್ನುವುದು ನೂರಕ್ಕೆ ನೂರು ನಿಜ. ಆದರೆ ಹೊತ್ತುಕೊಂಡು ಹೋಗುವುದರಿಂದ ಅಲ್ಲ.

ಲೆಕ್ಕ ಹಾಕಿ ನೋಡಿ. ನಮ್ಮ ಕಡೆಯ ಹವೆಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 345 ಮೀಟರ್ ಓಡುತ್ತದೆ. ಒಂದೂವರೆ ಕಿಲೋಮೀಟರ್ ದಾಟಲು ಅದಕ್ಕೆ 4.35 ಸೆಕೆಂಡ್ ಬೇಕು. ದೇವಸ್ಥಾನದಿಂದ ನಿಮ್ಮ ಮನೆ ಕಡೆಗೆ ಸೆಕೆಂಡಿಗೆ 5 ಮೀಟರ್ ಗಾಳಿ ಇದೆ ಅಂದುಕೊಳ್ಳಿ. ಗಂಟೆಗೆ 18 ಕಿಲೋಮೀಟರ್ ಆಯಿತು, ಒಣಗಲು ಹಾಕಿದ ಬಟ್ಟೆ ಪಟಪಟ ಅನ್ನುವಷ್ಟು ಗಾಳಿ. ಆಗ ಸದ್ದು 4.29 ಸೆಕೆಂಡಿಗೆ ಬರುತ್ತದೆ. ಉಳಿದದ್ದು ಸೆಕೆಂಡಿನ ನೂರರಲ್ಲಿ ಆರು ಪಾಲು. ಇಷ್ಟರಿಂದ ಸದ್ದು ಜೋರಾಗುವುದೂ ಇಲ್ಲ, ಅಡಗುವುದೂ ಇಲ್ಲ. ಸದ್ದಿನ ಮುಂದೆ ಗಾಳಿಯ ವೇಗ ಏನೂ ಅಲ್ಲ.

ನಿಜವಾದ ಕಾರಣ, ಗಾಳಿ ಎಲ್ಲ ಎತ್ತರದಲ್ಲೂ ಒಂದೇ ಸಮ ಬೀಸುವುದಿಲ್ಲ ಅನ್ನುವುದು. ನೆಲದ ಹತ್ತಿರ ಹುಲ್ಲು, ಬದು, ಪೊದೆ ತಡೆಯುವುದರಿಂದ ಅಲ್ಲಿ ಗಾಳಿ ಕಡಿಮೆ. ಮೇಲೆ ಹೋದಂತೆ ಜಾಸ್ತಿ. ಸದ್ದಿನ ಅಲೆ ಗಾಳಿಯ ಜೊತೆಗೆ ಹೋಗುವಾಗ ಅಲೆಯ ಮೇಲಿನ ಭಾಗ ಕೆಳಗಿನ ಭಾಗಕ್ಕಿಂತ ಸ್ವಲ್ಪ ಮುಂದೆ ಹೋಗುತ್ತದೆ. ಹಾಗಾಗಿ ಇಡೀ ಅಲೆ ನೆಲದ ಕಡೆಗೆ ಬಾಗುತ್ತದೆ. ಗಾಳಿಗೆ ಎದುರಾಗಿ ಹೋಗುವಾಗ ಮೇಲಿನ ಭಾಗವೇ ಹಿಂದೆ ಬೀಳುತ್ತದೆ, ಅಲೆ ಆಕಾಶದ ಕಡೆಗೆ ಬಾಗುತ್ತದೆ. ಸದ್ದು ಎಲ್ಲಿಗೂ ಹಾರಿ ಹೋಗಿರುವುದಿಲ್ಲ. ನಿಮ್ಮ ತಲೆಯ ಮೇಲಿಂದ ಹಾದು ಹೋಗುತ್ತಿರುತ್ತದೆ, ಅಷ್ಟೆ.

ಈ ವಿವರಣೆ ಕೊಟ್ಟವರು ಬ್ರಿಟನ್ನಿನ ಗಣಿತಜ್ಞ ಜಾರ್ಜ್ ಸ್ಟೋಕ್ಸ್, 1857ರಲ್ಲಿ. ಇದನ್ನು ಬಯಲಲ್ಲಿ ಪರೀಕ್ಷೆ ಮಾಡಿ ತೋರಿಸಿದವರು ಆಸ್ಬರ್ನ್ ರೆನಾಲ್ಡ್ಸ್, 1870ರ ದಶಕದಲ್ಲಿ. ನೀರಿನ ಪೈಪಿನ ಲೆಕ್ಕದಲ್ಲಿ ಎಂಜಿನಿಯರಿಂಗ್ ಹುಡುಗರು ಹೇಳುವ ರೆನಾಲ್ಡ್ಸ್ ಸಂಖ್ಯೆ ಇದೆಯಲ್ಲ, ಅದೇ ರೆನಾಲ್ಡ್ಸ್. ಅವರು ಹುಲ್ಲುಗಾವಲಿನಲ್ಲಿ ಒಂದು ವಿದ್ಯುತ್ ಗಂಟೆ ಇಟ್ಟು, ಗಾಳಿ ಬರುವ ದಿಕ್ಕಿಗೆ ನಡೆದು ಹೋದರು. ಒಂದು ಕಡೆ ಗಂಟೆ ಕೇಳಿಸುವುದು ನಿಂತಿತು. ಅಲ್ಲೇ ತಲೆ ಎತ್ತರಕ್ಕೆ ಏರಿಸಿದಾಗ ಮತ್ತೆ ಕೇಳಿಸಿತು! ಗಾಳಿ ಸದ್ದನ್ನು ಹಿಂದಕ್ಕೆ ತಳ್ಳಿದ್ದರೆ ಎತ್ತರದಲ್ಲಿ ಗಾಳಿ ಇನ್ನೂ ಜೋರು, ಇನ್ನೂ ಕಡಿಮೆ ಕೇಳಿಸಬೇಕಿತ್ತು ಅಲ್ವಾ?

ಗಾಳಿ ಮಾಡುವ ಕೆಲಸವನ್ನೇ ಬಿಸಿ-ತಂಪೂ ಮಾಡುತ್ತದೆ. ಹವೆ ಒಂದು ಡಿಗ್ರಿ ಬಿಸಿಯಾದರೆ ಸದ್ದಿನ ವೇಗ ಸೆಕೆಂಡಿಗೆ ಸುಮಾರು 0.6 ಮೀಟರ್ ಹೆಚ್ಚುತ್ತದೆ. ಚಳಿಗಾಲದ ರಾತ್ರಿ ನಿಮ್ಮ ತೋಟದ ಇಳಿಜಾರಿನಿಂದ ತಣ್ಣನೆಯ ಗಾಳಿ ಜಾರಿ ಬಂದು ಗದ್ದೆ ಬಯಲಲ್ಲಿ ನಿಲ್ಲುತ್ತದೆ. ಬೆಳಿಗ್ಗೆ ಆರೂವರೆಗೆ ಕೆಳಗೆ ತಂಪು, ಮೇಲೆ ಬಿಸಿ. ಸದ್ದಿನ ಅಲೆಯ ಮೇಲಿನ ಭಾಗ ಬೇಗ ಓಡುತ್ತದೆ, ಅಲೆ ಕೆಳಗೆ ಬಾಗುತ್ತದೆ. ಆಕಾಶಕ್ಕೆ ಹೋಗಬೇಕಿದ್ದ ಸದ್ದೂ ಬಯಲಿಗೇ ಬಾಗಿ ನಿಮ್ಮ ಅಂಗಳಕ್ಕೆ ಬರುತ್ತದೆ. ಗಾಳಿಯೂ ಆಗ ಸತ್ತಂತೆ ಇರುತ್ತದೆ, ಒಂದು ಎಲೆ ಅಲ್ಲಾಡುವುದಿಲ್ಲ. ಪದ ಪದ ಕೇಳಿಸುವುದು ಅದಕ್ಕೆ. ಘಾಟಿಯಲ್ಲಿ ಹೋಗುವ ರೈಲಿನ ಕೂಗು ರಾತ್ರಿ ಪಕ್ಕದಲ್ಲೇ ಇದ್ದಂತೆ ಕೇಳಿಸುವುದಕ್ಕೂ ಇದೇ ಕಾರಣ. ರಾತ್ರಿ ಬೇರೆ ಸದ್ದಿಲ್ಲ ಅನ್ನುವುದು ಕಾರಣದ ಅರ್ಧ ಮಾತ್ರ.

ಮಧ್ಯಾಹ್ನ ಎಲ್ಲ ಉಲ್ಟಾ. ನೆಲ ಕಾದಿರುತ್ತದೆ, ಮೇಲೆ ಹೋದಂತೆ ತಂಪು. ಚೆನ್ನಾಗಿ ಕದಡಿದ ಹಗಲಿನ ಹವೆಯಲ್ಲಿ ಪ್ರತಿ 100 ಮೀಟರಿಗೆ ಸುಮಾರು ಒಂದು ಡಿಗ್ರಿ ಇಳಿಯುತ್ತದೆ. ಅಷ್ಟಕ್ಕೇ ಸದ್ದಿನ ದಾರಿ 57 ಕಿಲೋಮೀಟರ್ ತ್ರಿಜ್ಯದ ವೃತ್ತದ ತುಣುಕಿನಂತೆ ಮೇಲಕ್ಕೆ ಬಾಗುತ್ತದೆ. 57 ಕಿಲೋಮೀಟರ್ ಅಂದರೆ ಬಾಗೇ ಇಲ್ಲ ಅನ್ನಿಸಬಹುದು. ಆದರೆ ದೇವಸ್ಥಾನದ ಮೈಕಿನ ಹಾರ್ನ್ 6 ಮೀಟರ್ ಎತ್ತರದಲ್ಲಿದೆ, ನಿಮ್ಮ ಕಿವಿ ಒಂದೂವರೆ ಮೀಟರ್ ಎತ್ತರದಲ್ಲಿದೆ ಅಂತ ಇಟ್ಟುಕೊಂಡು ಲೆಕ್ಕ ಮಾಡಿದರೆ, ಸುಮಾರು 1,240 ಮೀಟರಿನ ಆಚೆ ನೇರ ಸದ್ದು ನಿಮ್ಮನ್ನು ಮುಟ್ಟುವುದೇ ಇಲ್ಲ. ಅಲ್ಲಿಂದ ಮುಂದೆ ಸದ್ದಿನ ನೆರಳು. ನಿಮ್ಮ ಮನೆ ಇರುವುದು ಒಂದೂವರೆ ಕಿಲೋಮೀಟರಿನಲ್ಲಿ, ಅಂದರೆ ನೆರಳಿನ ಒಳಗೆ. ಇದು ಗಾಳಿಯೇ ಇಲ್ಲದ, ಬಯಲು ಸಮತಟ್ಟಾಗಿರುವ ಲೆಕ್ಕ. ಬಿಸಿಲಿನಲ್ಲಿ ನೆಲದ ಮೇಲಿನ ಮೊದಲ ಕೆಲವು ಮೀಟರಿನಲ್ಲಿ ಉಷ್ಣತೆ ಇನ್ನೂ ಚುರುಕಾಗಿ ಇಳಿಯುತ್ತದೆ. ಎದುರು ಗಾಳಿಯೂ ಸೇರಿದರೆ ನೆರಳು ಕೆಲವು ನೂರು ಮೀಟರಿಗೇ ಶುರುವಾಗಬಹುದು.

ಇದೇ ಲೆಕ್ಕದಲ್ಲಿ ನಿಮ್ಮ ಕಿವಿಯನ್ನು 5 ಮೀಟರಿಗೆ ಏರಿಸಿದರೆ ನೆರಳಿನ ಅಂಚು ಸುಮಾರು 1,580 ಮೀಟರಿಗೆ ಸರಿಯುತ್ತದೆ. ಅಂದರೆ ನೀವು ಹೊರಗೆ ಬರುತ್ತೀರಿ. ಮುಂದಿನ ಜಾತ್ರೆಯ ಮಧ್ಯಾಹ್ನ ಅಂಗಳದಲ್ಲಿ ಸ್ವಲ್ಪ ಹೊತ್ತು ಕೇಳಿ, ಆಮೇಲೆ ಮಹಡಿ ಹತ್ತಿ ಕೇಳಿ. ಗಾಳಿ ಎದುರಾಗಿಲ್ಲದಿದ್ದರೆ ವ್ಯತ್ಯಾಸ ಗೊತ್ತಾಗುವ ಸಾಧ್ಯತೆ ಜಾಸ್ತಿ. ಶ್ರವಣಬೆಳಗೊಳದ ವಿಂಧ್ಯಗಿರಿಗೆ ಹಗಲು ಹೊತ್ತು ಹತ್ತಿದವರೂ ಗಮನಿಸಿ. ಮೇಲಕ್ಕೆ ಬಾಗುವ ಸದ್ದು ಅಲ್ಲಿ ನಿಮ್ಮ ಕಡೆಗೇ ಬರುತ್ತಿರುತ್ತದೆ. ಕೆಳಗಿನ ಊರಿನ ಹಾರ್ನು, ಮಾತು, ನಾಯಿ ಬೊಗಳುವುದು ಸಮತಟ್ಟು ನೆಲದಲ್ಲಿ ಅಷ್ಟೇ ದೂರ ನಿಂತವರಿಗಿಂತ ಚೆನ್ನಾಗಿ ಮುಟ್ಟುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಸದ್ದು ಒಟ್ಟಾರೆ ಎತ್ತ ಹೋಗುತ್ತದೆ ಅನ್ನುವುದು. ನಿಮ್ಮ ಪ್ರಶ್ನೆಯ ತಿರುಳು ಬೇರೆ ಇದೆ. ನೆರಳಿನಲ್ಲಿದ್ದರೆ ಸದ್ದು ಸುಮ್ನೆ ಕಡಿಮೆಯಾಗಬೇಕಿತ್ತು. ಬಂದು ಬಂದು ಹೋಗುವುದು ಯಾಕೆ? ಅಸಲಿಗೆ, ನೆರಳಿನಲ್ಲಿದ್ದೂ ಕೇಳಿಸುವುದಾದರೂ ಯಾಕೆ?

ಎರಡಕ್ಕೂ ಉತ್ತರ ಕದಡಿದ ಗಾಳಿ. ಎಂಜಿನಿಯರುಗಳ ಬಾಯಲ್ಲಿ ಟರ್ಬುಲೆನ್ಸ್.

ಮಾರ್ಚ್ ತಿಂಗಳ ಮಧ್ಯಾಹ್ನ ನಿಮ್ಮ ಕಾಫಿ ಕಣದ ಮೇಲೆ ಕಣ್ಣಾಯಿಸಿ. ಸಿಮೆಂಟ್ ಕಣದ ಮೇಲೆ ಹವೆ ನಡುಗುತ್ತಿರುತ್ತದೆ. ಆಚೆಯ ಗೋಡೆ, ಕಣದ ಅಂಚಿನ ಮೂಟೆ ಎಲ್ಲ ನೀರಿನೊಳಗೆ ಇದ್ದಂತೆ ಅಲುಗುತ್ತವೆ. ಕಾದ ಹವೆ ಉಂಡೆ ಉಂಡೆಯಾಗಿ ಮೇಲೇಳುತ್ತದೆ, ಅದರ ಜಾಗಕ್ಕೆ ತಣ್ಣನೆಯದು ಇಳಿಯುತ್ತದೆ. ಅಡ್ಡ ಗಾಳಿ ಬಂದು ಸಿಲ್ವರ್ ಓಕ್ ಸಾಲಿಗೆ ಬಡಿದು ಸುಳಿ ಸುಳಿಯಾಗಿ ಒಡೆಯುತ್ತದೆ. ಅಂಗಳದ ಮೂಲೆಯಲ್ಲಿ ತರಗೆಲೆ ಗಿರಗಿರ ಸುತ್ತುತ್ತದೆ. ಇದೆಲ್ಲ ಒಂದೇ ಗಾತ್ರದ ಸುಳಿಗಳಲ್ಲ. ನೂರಾರು ಮೀಟರ್ ಅಗಲದವು ಇರುತ್ತವೆ. ಅವು ಒಡೆದು ಹತ್ತಾರು ಮೀಟರಿನವು, ಅವು ಒಡೆದು ಗೇಣು, ಅಂಗುಲ, ಕೊನೆಗೆ ಕೆಲವು ಮಿಲಿಮೀಟರಿನವು. ಅಷ್ಟು ಸಣ್ಣದಾದ ಮೇಲೆ ಹವೆಯ ಅಂಟುತನಕ್ಕೆ ಸಿಕ್ಕಿ ಚೂರು ಬಿಸಿಯಾಗಿ ಕರಗಿ ಹೋಗುತ್ತವೆ. ಹೀಗೆ ಶಕ್ತಿ ದೊಡ್ಡ ಸುಳಿಯಿಂದ ಸಣ್ಣದಕ್ಕೆ ಇಳಿಯುವುದರ ಲೆಕ್ಕವನ್ನು ರಷ್ಯಾದ ಆಂದ್ರೇ ಕೊಲ್ಮೊಗೊರೊವ್ 1941ರಲ್ಲಿ ಕೊಟ್ಟರು. ಅದೇ ಕಾಲದಲ್ಲಿ ಅವರ ಶಿಷ್ಯ ಅಲೆಕ್ಸಾಂಡರ್ ಒಬುಖೊವ್ ಇಂಥ ಹವೆಯಲ್ಲಿ ಸದ್ದು ಹೇಗೆ ಚೆದುರುತ್ತದೆ ಅನ್ನುವ ಲೆಕ್ಕಕ್ಕೆ ಕೈ ಹಾಕಿದರು. ಇವತ್ತಿನ ವಿಮಾನ ನಿಲ್ದಾಣದ ಗದ್ದಲದ ಲೆಕ್ಕದವರೆಗೆ ಆ ಗೆರೆ ಬಂದಿದೆ.

ಈಗ ಒಂದೇ ಒಂದು ಸುಳಿಯನ್ನು ಹತ್ತಿರದಿಂದ ನೋಡೋಣ. ಗದ್ದೆಯ ನಡುವೆ 20 ಮೀಟರ್ ಅಗಲದ ಒಂದು ಸುಳಿ ಇದೆ. ಅದರ ಒಳಗಿನ ಗಾಳಿ ಅಕ್ಕಪಕ್ಕಕ್ಕಿಂತ ಸೆಕೆಂಡಿಗೆ 1 ಮೀಟರ್ ಮಾತ್ರ ಹೆಚ್ಚು ವೇಗವಾಗಿದೆ. ಅದನ್ನು ದಾಟಿ ಬಂದ ಸದ್ದು, ಪಕ್ಕದಿಂದ ಬಂದ ಸದ್ದಿಗಿಂತ ಸುಮಾರು 6 ಸೆಂಟಿಮೀಟರ್ ಮುಂದೆ ಇರುತ್ತದೆ. ಏನು ಮಹಾ ಅನ್ನಿಸುತ್ತದೆ. ಆದರೆ ಒಂದೂವರೆ ಕಿಲೋಮೀಟರಿನ ದಾರಿಯಲ್ಲಿ ಇಂಥ 75 ಸುಳಿ ಸಾಲಾಗಿ ಹಿಡಿಸುತ್ತವೆ. ಕೆಲವು ಮುಂದಕ್ಕೆ ತಳ್ಳುತ್ತವೆ, ಕೆಲವು ಹಿಂದಕ್ಕೆ ಎಳೆಯುತ್ತವೆ. ಹಾಗಾಗಿ 75 ಪಟ್ಟು ಆಗುವುದಿಲ್ಲ, 75ರ ವರ್ಗಮೂಲದಷ್ಟು ಪಟ್ಟು ಆಗುತ್ತದೆ. ಅಂದರೆ ಎಂಟೂಮುಕ್ಕಾಲು ಪಟ್ಟಿನ ಹತ್ತಿರ. ಒಟ್ಟು ಅರ್ಧ ಮೀಟರ್ ಹೆಚ್ಚುಕಮ್ಮಿ.

ಈ ಅರ್ಧ ಮೀಟರನ್ನು ಅಲೆಯ ಉದ್ದದ ಜೊತೆ ಹೋಲಿಸಿ. ಡೋಲಿನ ಧಮ್ ಅನ್ನುವ ಸದ್ದು 100 ಹರ್ಟ್ಜ್ (ಸೆಕೆಂಡಿಗೆ 100 ಕಂಪನ) ಸುತ್ತಮುತ್ತ, ಅದರ ಅಲೆಯ ಉದ್ದ ಸುಮಾರು ಮೂರೂವರೆ ಮೀಟರ್. ಅರ್ಧ ಮೀಟರ್ ಅದಕ್ಕೆ ಏಳನೇ ಒಂದು ಪಾಲು. ಡೋಲಿಗೆ ಏನೂ ಆಗುವುದಿಲ್ಲ. ಹಾಡಿನ ಪದ ಬಿಡಿಸಿ ಕೇಳಿಸುವಂತೆ ಮಾಡುವುದು 2000 ಹರ್ಟ್ಜ್ ಆಸುಪಾಸಿನ ಸದ್ದು. ಅದರ ಅಲೆ 17 ಸೆಂಟಿಮೀಟರ್. ಅರ್ಧ ಮೀಟರ್ ಅಂದರೆ ಅಂಥ ಮೂರು ಅಲೆ! ಬೇರೆ ಬೇರೆ ದಾರಿಯಿಂದ ಬಂದ ಅಲೆಗಳು ನಿಮ್ಮ ಕಿವಿಯ ಹತ್ತಿರ ಒಂದರ ಏರು ಇನ್ನೊಂದರ ಇಳಿತದ ಮೇಲೆ ಬಿದ್ದು ಅಳಿಸಿಕೊಳ್ಳಬಹುದು. ಏರಿನ ಮೇಲೆ ಏರು ಬಿದ್ದು ದುಪ್ಪಟ್ಟಾಗಬಹುದು. ಯಾವುದು ಆಗುತ್ತದೆ ಅನ್ನುವುದು ಆ ಕ್ಷಣದ ಸುಳಿಗಳ ಮರ್ಜಿ.

ಹೇಮಾವತಿಯ ತಿಳಿನೀರಿನಲ್ಲಿ ಮಂಡಿವರೆಗೆ ನಿಂತು ತಳ ನೋಡಿದ್ದರೆ ನಿಮಗೆ ಗೊತ್ತು. ನೀರಿನ ಮೇಲ್ಮೈ ಅಲುಗಿದಂತೆ ತಳದ ಮರಳಿನ ಮೇಲೆ ಬಿಸಿಲು ಬಲೆಯ ಹಾಗೆ ಹರಡಿ ಓಡಾಡುತ್ತದೆ. ಕೆಲವು ಗೆರೆ ತುಂಬ ಪ್ರಕಾಶ, ನಡುವೆ ಮಂಕು. ಬಿದ್ದ ಬಿಸಿಲು ಅಷ್ಟೇ, ಹಂಚಿಕೆ ಮಾತ್ರ ಬದಲು. ಮಧ್ಯಾಹ್ನದ ಬಯಲಲ್ಲಿ ದೇವಸ್ಥಾನದ ಹಾಡೂ ಹೀಗೆ ಜೋರು ಜಾಗ, ಮಂಕು ಜಾಗ ಅಂತ ಹಂಚಿ ಹೋಗಿರುತ್ತದೆ. ಆ ಹಂಚಿಕೆ ಗಾಳಿಯ ಜೊತೆ ಸರಿಯುತ್ತಲೇ ಇರುತ್ತದೆ. 20 ಮೀಟರ್ ಸುಳಿಯನ್ನು ಸೆಕೆಂಡಿಗೆ 4 ಮೀಟರ್ ಗಾಳಿ ತಳ್ಳಿಕೊಂಡು ಹೋದರೆ ಅದು ನಿಮ್ಮ ಗೆರೆಯನ್ನು ದಾಟಲು 5 ಸೆಕೆಂಡ್ ಬೇಕು. ಸಣ್ಣ ಸುಳಿಗೆ ಇನ್ನೂ ಕಡಿಮೆ. ನಿಮ್ಮ ಹಾಡು ಒಂದೆರಡು ಸೆಕೆಂಡ್ ಮಾಯವಾಗಿ ಮತ್ತೆ ಬರುವ ಲಯ ಇದೇ.

ಈ ಏರಿಳಿತಕ್ಕೂ ಒಂದು ಮಿತಿ ಇದೆ. ದೂರ ಹೆಚ್ಚಾದಂತೆ ಏರಿಳಿತ ಜಾಸ್ತಿಯಾಗುತ್ತಾ ಹೋಗಿ ಒಂದು ಹಂತದಲ್ಲಿ ನಿಲ್ಲುತ್ತದೆ. ಅಲೆಗಳು ಪೂರ್ತಿ ಕದಡಿ ಹೋದ ಮೇಲೆ ಇನ್ನಷ್ಟು ಕದಡಲು ಏನೂ ಉಳಿದಿರುವುದಿಲ್ಲ. ಆಗ ಸದ್ದಿನ ಮಟ್ಟ ಸರಾಸರಿಯ ಆಚೆ ಈಚೆ ಸುಮಾರು 5.6 ಡೆಸಿಬೆಲ್ (ಸದ್ದಿನ ಜೋರಿನ ಅಳತೆ) ಓಲಾಡುತ್ತದೆ. ಇದು ಸಾಮಾನ್ಯ ಓಲಾಟ. ಆಗೊಮ್ಮೆ ಈಗೊಮ್ಮೆ 15, 20 ಡೆಸಿಬೆಲ್ ಕುಸಿಯುವುದೂ ಉಂಟು, ಅದೇ ನೀವು ಹೇಳುವ ‘ಪೂರ್ತಿ ಮಾಯ’. ಮಧ್ಯಾಹ್ನದ ಹಾಡು ಕೇಳಿಸುವುದೇ ಅಂಚಿನ ಮೇಲೆ. ಸ್ವಲ್ಪ ಇಳಿದರೂ ಎಲೆಯ ಸರಬರ ಅದನ್ನು ಮುಚ್ಚಿಬಿಡುತ್ತದೆ. ಬೆಳಗಿನ ಹಾಡು ಅಷ್ಟೇ ಇಳಿದಿದ್ದರೂ ನಿಮಗೆ ಗೊತ್ತಾಗುತ್ತಿರಲಿಲ್ಲ.

ರಾಗ ಅಲುಗಾಡುತ್ತದೆ ಅಂದಿರಲ್ಲ, ಅದು ಕಿವಿಗೆ ಆಗುವ ಮೋಸ. ಸುಳಿಗಳಿಂದ ದಾರಿ ಎರಡು ಸೆಕೆಂಡಿನಲ್ಲಿ ಅರ್ಧ ಮೀಟರ್ ಬದಲಾಯಿತು ಅಂತಲೇ ಇಟ್ಟುಕೊಳ್ಳಿ. ಶ್ರುತಿ ಬದಲಾಗುವುದು ಒಂದು ಸ್ವರಸ್ಥಾನದಿಂದ ಪಕ್ಕದ ಸ್ವರಸ್ಥಾನಕ್ಕೆ ಇರುವ ಅಂತರದ ನೂರರಲ್ಲಿ ಒಂದು ಪಾಲಿನಷ್ಟು. ಪಕ್ಕಾ ಸಂಗೀತಗಾರರ ಕಿವಿಗೂ ಅದು ಸಿಗುವುದು ಕಷ್ಟ. ಬದಲಾಗುವುದು ಜೋರು ಮತ್ತು ಸದ್ದಿನ ಬಣ್ಣ. ಮೇಲಿನ ಸ್ವರಾಂಶಗಳು ಒಂದೊಂದು ಒಂದೊಂದು ಹೊತ್ತಿಗೆ ಮಾಯವಾಗುತ್ತವೆ. ನಾದಸ್ವರ ಒಂದು ಕ್ಷಣ ಚೂಪಾಗಿ, ಮರುಕ್ಷಣ ಬಾಯಿಗೆ ಬಟ್ಟೆ ಕಟ್ಟಿದಂತೆ ಕೇಳಿಸುತ್ತದೆ. ಅದನ್ನೇ ಮನಸ್ಸು ರಾಗದ ಅಲುಗಾಟ ಅಂದುಕೊಳ್ಳುತ್ತದೆ. ಗಾಳಿ ಒಂದೇ ಸಮ ಬೀಸಿದರಂತೂ ಶ್ರುತಿ ಎಳ್ಳಷ್ಟೂ ಬದಲಾಗುವುದಿಲ್ಲ.

ಹಾಗಾದರೆ ಕದಡಿದ ಗಾಳಿ ಸದ್ದನ್ನು ನುಂಗುತ್ತದಾ? ತುಂಬ ಜನ ಹಾಗೇ ತಿಳಿದಿದ್ದಾರೆ. ಸುಳಿಗಳು ಸದ್ದನ್ನು ಚೆದುರಿಸುತ್ತವೆ, ತಿನ್ನುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಸದ್ದನ್ನು ನಿಜವಾಗಿ ತಿನ್ನುವುದು ಹವೆಯ ಅಣುಗಳು. ಅದರ ಲೆಕ್ಕ ಬೇರೆ. 20 ಡಿಗ್ರಿ, ನೂರಕ್ಕೆ 70 ತೇವ ಇರುವ ಹವೆಯಲ್ಲಿ 500 ಹರ್ಟ್ಜ್ ಸದ್ದು ಕಿಲೋಮೀಟರಿಗೆ 3 ಡೆಸಿಬೆಲಿನಷ್ಟೂ ಕಳೆದುಕೊಳ್ಳುವುದಿಲ್ಲ. 4000 ಹರ್ಟ್ಜ್ ಸದ್ದು 23 ಡೆಸಿಬೆಲ್ ಕಳೆದುಕೊಳ್ಳುತ್ತದೆ. ನಿಮ್ಮ ಮನೆಗೆ ಬರುವಷ್ಟರಲ್ಲಿ 34. ಅದಕ್ಕೇ ದೂರದ ಹಾಡಿನಲ್ಲಿ ‘ಸ’, ‘ಶ’ ಮೊದಲು ಹೋಗುವುದು, ತಾಳದ ಕಿಣಿಕಿಣಿ ಬರದೇ ಇರುವುದು. ಇದು ಬೆಳಿಗ್ಗೆಯೂ ಇದೆ, ಮಧ್ಯಾಹ್ನವೂ ಇದೆ. ದೂರಕ್ಕೇ ಆಗುವ ನಷ್ಟ ಇನ್ನೂ ದೊಡ್ಡದು. ಹಾರ್ನಿನಿಂದ ಒಂದು ಮೀಟರಿನಲ್ಲಿ ಇದ್ದ ಸದ್ದು ಒಂದೂವರೆ ಕಿಲೋಮೀಟರಿನಲ್ಲಿ ಹರಡಿಕೊಂಡೇ 63 ಡೆಸಿಬೆಲ್ ಇಳಿದಿರುತ್ತದೆ.

ಸುಳಿಗಳು ನುಂಗುವುದಿಲ್ಲ ಅಂದಮೇಲೆ ಚೆದುರಿದ ಸದ್ದು ಎಲ್ಲಿಗಾದರೂ ಹೋಗಬೇಕಲ್ಲ? ಅದರಲ್ಲಿ ಸ್ವಲ್ಪ ನೆರಳಿನ ಒಳಗೂ ಬೀಳುತ್ತದೆ. ನನ್ನ ಪ್ರಕಾರ ಇಡೀ ವಿಷಯದಲ್ಲಿ ತುಂಬ ಸೊಗಸಾದ ಭಾಗ ಇದೇ. ಬಾಗುವಿಕೆಯ ಲೆಕ್ಕ ಮಾತ್ರ ನಂಬಿದರೆ ನೆರಳಿನಲ್ಲಿ ಎತ್ತರದ ಸ್ವರಗಳು ಹೇಳಹೆಸರಿಲ್ಲದಂತೆ ಹೋಗಬೇಕು. ಅಳೆದು ನೋಡಿದರೆ ಹಾಗಾಗುವುದಿಲ್ಲ. ನೆರಳಿಲ್ಲದಿದ್ದರೆ ಎಷ್ಟು ಇರಬೇಕಿತ್ತೋ ಅದಕ್ಕಿಂತ ಸುಮಾರು 20ರಿಂದ 25 ಡೆಸಿಬೆಲ್ ಇಳಿದು ಅಲ್ಲೇ ನಿಲ್ಲುತ್ತದೆ. ನಿಮ್ಮ ತಲೆಯ ಮೇಲಿಂದ ಹಾದು ಹೋಗುತ್ತಿರುವ ಸದ್ದಿಗೆ ಅಲ್ಲಿನ ಸುಳಿಗಳು ಅಡ್ಡ ಬಂದು ಚೂರುಪಾರನ್ನು ಕೆಳಗೆ ಚೆಲ್ಲುತ್ತವೆ. ನೀವು ಮಧ್ಯಾಹ್ನ ಅಂಗಳದಲ್ಲಿ ಕೇಳುವುದು ಬಹುಪಾಲು ಆ ಚೆಲ್ಲಿದ ಸದ್ದನ್ನೇ. ಕದಡಿದ ಗಾಳಿ ಹಾಡನ್ನು ಕೆಡಿಸುತ್ತದೆ ಅಂತ ಬೈಯುತ್ತೇವೆ. ಅದಿಲ್ಲದಿದ್ದರೆ ಆ ಕೆಟ್ಟ ಹಾಡೂ ಬರುತ್ತಿರಲಿಲ್ಲ.

ಚೆದುರಿದ ಸದ್ದಿನ ಬಹುಭಾಗ ಮುಂದಕ್ಕೇ, ಸ್ವಲ್ಪ ಓರೆಯಾಗಿ ಹೋಗುತ್ತದೆ. ತೀರಾ ಕಡಿಮೆ ಭಾಗ ಬಂದ ದಾರಿಗೆ ವಾಪಸ್ ತಿರುಗುತ್ತದೆ. ಹಾಗೆ ತಿರುಗಿಸಲು ಅಲೆಯ ಉದ್ದದ ಅರ್ಧದಷ್ಟು ಗಾತ್ರದ ಬಿಸಿ-ತಂಪಿನ ಸುಳಿ ಬೇಕು. ಬರೀ ಗಾಳಿಯ ವೇಗದ ಏರುಪೇರು ಸದ್ದನ್ನು ನೇರ ಹಿಂದಕ್ಕೆ ಕಳಿಸುವುದಿಲ್ಲ ಅನ್ನುವುದು ಲೆಕ್ಕದಲ್ಲೇ ಬರುತ್ತದೆ. ಈ ಕ್ಷೀಣ ಮಾರ್ದನಿಯನ್ನು ಹಿಡಿದು ಮೇಲಿನ ಹವೆಯ ಸ್ಥಿತಿ ಓದುವ ಸೋಡಾರ್ ಅನ್ನುವ ಉಪಕರಣ ಇದೆ. ಆಸ್ಟ್ರೇಲಿಯಾದ ಮೆಕಾಲಿಸ್ಟರ್ 1968ರಲ್ಲಿ ಅದನ್ನು ಮಾಡಿ ತೋರಿಸಿದರು. ಆಕಾಶಕ್ಕೆ ಮುಖ ಮಾಡಿದ ಸ್ಪೀಕರಿನಿಂದ ಕೀಚ್ ಅನ್ನಿಸಿ, ಏನು ವಾಪಸ್ ಬರುತ್ತದೆ ಅಂತ ಕಾದು ಕೇಳುವುದು.

ಮಂಜಿನ ವಿಷಯ. 1708ರಲ್ಲಿ ವಿಲಿಯಂ ಡೆರಮ್ ಎಂಬ ಇಂಗ್ಲಿಷ್ ಪಾದ್ರಿ ಮಂಜು ಸದ್ದನ್ನು ಮಂಕು ಮಾಡುತ್ತದೆ ಎಂದು ಬರೆದರು. ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ಹೆಚ್ಚಿನವರು ಅದನ್ನೇ ನಂಬಿದರು. 1873ರಲ್ಲಿ ಭೌತವಿಜ್ಞಾನಿ ಜಾನ್ ಟಿಂಡಾಲ್ ಇಂಗ್ಲೆಂಡಿನ ಸೌತ್ ಫೋರ್‌ಲ್ಯಾಂಡ್ ದೀಪಸ್ತಂಭದ ಹತ್ತಿರ ತುತ್ತೂರಿ, ಆವಿಯ ಸೈರನ್, ಫಿರಂಗಿ ಎಲ್ಲ ಇಟ್ಟುಕೊಂಡು, ಹಡಗಿನಲ್ಲಿ ದೂರ ದೂರ ಹೋಗಿ ಕೇಳಿದರು. ಶುಭ್ರ ಬಿಸಿಲಿನ ಒಂದು ಜುಲೈ ದಿನ ಸದ್ದು ಎರಡು-ಮೂರು ಮೈಲಿಗೇ ಸತ್ತಿತು. ದಟ್ಟ ಮಂಜಿನ ದಿನಗಳಲ್ಲಿ ಚೆನ್ನಾಗಿ ಹೋಯಿತು. ಬಿಸಿಲಿನ ದಿನ ಕಣ್ಣಿಗೆ ಕಾಣದ ‘ಸದ್ದಿನ ಮೋಡ’ಗಳು ಅಡ್ಡ ಬರುತ್ತವೆ ಅಂದರು ಟಿಂಡಾಲ್. ಅಲ್ಲ, ಗಾಳಿಯಿಂದ ಸದ್ದು ಬಾಗುವುದೇ ಕಾರಣ ಅಂದರು ಅಮೆರಿಕದ ದೀಪಸ್ತಂಭ ಮಂಡಳಿಯ ಜೋಸೆಫ್ ಹೆನ್ರಿ. ಇಬ್ಬರೂ ಪಟ್ಟು ಬಿಡಲಿಲ್ಲ. ಇವತ್ತು ನೋಡಿದರೆ ದೂರ ಸತ್ತದ್ದರಲ್ಲಿ ಹೆನ್ರಿಯ ಕಾರಣವೇ ದೊಡ್ಡದು. ಟಿಂಡಾಲರ ಮೋಡಗಳೂ ಇವೆ, ಅವಕ್ಕೆ ನಾವು ಸುಳಿ ಅನ್ನುತ್ತೇವೆ. ಸೌತ್ ಫೋರ್‌ಲ್ಯಾಂಡಿನ ಆ ದಿನಕ್ಕೂ ನಿಮ್ಮ ಜಾತ್ರೆಯ ಮಧ್ಯಾಹ್ನಕ್ಕೂ ದೊಡ್ಡ ವ್ಯತ್ಯಾಸ ಇಲ್ಲ.

ಮಂಜಿನ ಹನಿ ಒಂದು ಮಿಲಿಮೀಟರಿನ ನೂರರಲ್ಲೊಂದು ಪಾಲಿನ ಆಸುಪಾಸು. ಸದ್ದಿನ ಅಲೆ ಗೇಣಿನಿಂದ ಮಾರಿನವರೆಗೆ. ಅಂಥ ಅಲೆಗೆ ಈ ಹನಿ ಲೆಕ್ಕಕ್ಕೇ ಇಲ್ಲ. ಜೊತೆಗೆ ಬಯಲಲ್ಲಿ ಮಂಜು ಕವಿಯುವ ಹೊತ್ತು ಗಾಳಿ ನಿಂತಿರುತ್ತದೆ, ಕೆಳಗೆ ತಂಪು ಮೇಲೆ ಬಿಸಿ ಇರುತ್ತದೆ. ಹಾಗಾಗಿ ಮಂಜಿನಲ್ಲಿ ಸದ್ದು ಚೆನ್ನಾಗಿಯೇ ಬರುತ್ತದೆ.

ಇನ್ನು ಸೈರನ್.

ಅದಕ್ಕೂ ಮುಂಚೆ ಆನೆಗಳ ಒಂದು ವಿಷಯ. ಕೇಟಿ ಪೇನ್ ಮತ್ತು ಜೊತೆಗಾರರು 1986ರಲ್ಲಿ ಏಷ್ಯಾದ ಆನೆಗಳು ನಮಗೆ ಕೇಳಿಸದಷ್ಟು ತಗ್ಗಿನ ಸ್ವರದಲ್ಲಿ, ಸುಮಾರು 14ರಿಂದ 24 ಹರ್ಟ್ಜಿನಲ್ಲಿ ಮಾತಾಡಿಕೊಳ್ಳುತ್ತವೆ ಎಂದು ತೋರಿಸಿದರು. ಆ ಅಲೆಯ ಉದ್ದ 14 ಮೀಟರಿಗೂ ಹೆಚ್ಚು. ಮೇಲೆ ಮಾಡಿದ ಲೆಕ್ಕದ ಅರ್ಧ ಮೀಟರ್ ಅದಕ್ಕೆ ಕೆರೆತವೂ ಅಲ್ಲ. ತೋಟದ ಮರಗಿಡವೂ ಅದನ್ನು ತಡೆಯುವುದಿಲ್ಲ. ಸಂಜೆ ನೆಲ ತಂಪಾಗಿ ಗಾಳಿ ನಿಂತ ಮೇಲೆ ಆ ಕರೆ ಹಗಲಿಗಿಂತ ಎಷ್ಟೋ ಪಾಲು ದೂರ ಹೋಗುತ್ತದೆ ಅನ್ನುವುದು ಆಫ್ರಿಕಾದ ಹವೆಯ ಲೆಕ್ಕದಲ್ಲಿ ಗೊತ್ತಾಗಿದೆ. ಈ ವಿಷಯದಲ್ಲಿ ಆನೆ ನಮ್ಮ ಸೈರನ್ ಕಂಪನಿಗಳಿಗಿಂತ ಬುದ್ಧಿವಂತ.

ನಮಗೆ ಅಷ್ಟು ತಗ್ಗಿನ ಸ್ವರ ಉಪಯೋಗಕ್ಕಿಲ್ಲ, ಕಿವಿಗೆ ಬೀಳುವುದೂ ಇಲ್ಲ. ಆದರೆ ಅಂಗಡಿಯಲ್ಲಿ ಸಿಗುವ ಕೀಚು ದನಿಯ ಸೈರನ್ ಕೊಳ್ಳಬೇಡಿ. 3000 ಹರ್ಟ್ಜಿನ ಸೈರನ್ ಪಕ್ಕದಲ್ಲಿ ಕಿವಿ ಒಡೆಯುವಂತಿರುತ್ತದೆ. ಅಂಗಡಿಯವರು ಅದನ್ನೇ ಒತ್ತಿ ತೋರಿಸುತ್ತಾರೆ. ಕಿಲೋಮೀಟರ್ ಆಚೆ ಅದರ ಬಹುಪಾಲು ಸದ್ದನ್ನು ಹವೆ ತಿಂದಿರುತ್ತದೆ, ಉಳಿದದ್ದನ್ನು ಸುಳಿಗಳು ಚೂರು ಮಾಡಿರುತ್ತವೆ. 400ರಿಂದ 1000 ಹರ್ಟ್ಜ್ ನಡುವೆ ಏರಿ ಇಳಿಯುವ, ಊಳಿಡುವ ಸದ್ದು ಬೇಕು ಅಂತ ಕೇಳಿ. ಒಂದೇ ಸ್ವರದ ಸೈರನ್ನಿಗೆ ಒಂದು ಅಪಾಯ ಇದೆ. ಮೆತ್ತನೆಯ ಗದ್ದೆ ನೆಲಕ್ಕೆ ಬಡಿದು ಬಂದ ಸದ್ದು, ನೇರ ಬಂದ ಸದ್ದು ಎರಡೂ ಕೆಲವು ಸ್ವರಗಳಲ್ಲಿ ಒಂದನ್ನೊಂದು ಅಳಿಸಿಬಿಡುತ್ತವೆ. ಏರಿಳಿಯುವ ಸೈರನ್ ಒಂದು ಸ್ವರದಲ್ಲಿ ಸತ್ತರೆ ಇನ್ನೊಂದರಲ್ಲಿ ಬದುಕುತ್ತದೆ.

ಎಷ್ಟು ಹೊತ್ತು ಕೂಗಿಸಬೇಕು ಅನ್ನುವುದನ್ನು ಜನ ಯೋಚಿಸುವುದೇ ಇಲ್ಲ. ಎರಡು ಸೆಕೆಂಡಿನ ಪೀಂ ಸರಿಯಾಗಿ ಮಂಕಿನ ಹೊತ್ತಿಗೆ ಸಿಕ್ಕಿಬಿದ್ದರೆ ಲೈನ್‌ಮನೆಗೆ ಏನೂ ಮುಟ್ಟುವುದಿಲ್ಲ. ಅರ್ಧ ನಿಮಿಷವಾದರೂ ಬಿಡದೆ ಕೂಗಲಿ, ಸ್ವಲ್ಪ ಬಿಟ್ಟು ಮತ್ತೆ ಕೂಗಲಿ. ಅಷ್ಟರಲ್ಲಿ ಸುಳಿಗಳ ಜೋಡಣೆ ಹಲವು ಸಲ ಬದಲಾಗಿರುತ್ತದೆ. ಮೈಕಿನಲ್ಲಿ ಮಾತು ಹೇಳುವುದಾದರೆ ಉದ್ದ ವಾಕ್ಯ ಬೇಡ. ‘ಆನೆ, ಕೆಳಗಿನ ಗದ್ದೆ’ ಅಂತ ನಿಧಾನಕ್ಕೆ ನಾಲ್ಕೈದು ಸಲ ಹೇಳಿ. ಒಂದು ಸಲ ‘ಆನೆ’ ಹೋದರೆ ಇನ್ನೊಂದು ಸಲ ಸಿಗುತ್ತದೆ.

ಎತ್ತರ ಮುಖ್ಯ, ವ್ಯಾಟ್ ಆಮೇಲೆ. ವ್ಯಾಟ್ ದುಪ್ಪಟ್ಟು ಮಾಡಿದರೆ ಸಿಗುವುದು 3 ಡೆಸಿಬೆಲ್. ಹಾರ್ನನ್ನು 6 ಮೀಟರಿನಿಂದ 15 ಮೀಟರಿಗೆ ಏರಿಸಿದರೆ ಮೇಲಿನ ಲೆಕ್ಕದಲ್ಲೇ ನೆರಳಿನ ಅಂಚು 1,240ರಿಂದ ಸುಮಾರು 1,720 ಮೀಟರಿಗೆ ಹೋಗುತ್ತದೆ. ನೆರಳಿನಿಂದ ಹೊರಬಂದವರಿಗೆ ಸಿಗುವುದು 20 ಡೆಸಿಬೆಲ್ ಹತ್ತಿರದ ಲಾಭ. ಗುಡ್ಡದ ನೆತ್ತಿ, ನೀರಿನ ಟ್ಯಾಂಕಿನ ಮೇಲೆ, ಯಾವುದು ಸಿಕ್ಕರೂ ಸರಿ. ಸಿಲ್ವರ್ ಓಕ್ ಮರಕ್ಕೆ ಕಟ್ಟುವುದಾದರೆ ಸೊಪ್ಪಿನ ಒಳಗೆ ಹುದುಗಿಸಬೇಡಿ.

ದಿಕ್ಕಿನ ಬಗ್ಗೆ ಒಂದು ಮಾತು. ನಿಮ್ಮಲ್ಲಿ ಮುಂಗಾರಿನಲ್ಲಿ ಪಡುವಣ ಗಾಳಿ, ಚಳಿಗಾಲದಲ್ಲಿ ಮೂಡಣ ಗಾಳಿ. ಒಂದೇ ಕಂಬದಿಂದ ಎರಡೂ ಕಡೆಯ ಲೈನ್‌ಮನೆಗೆ ಕೂಗಿಸಿದರೆ ವರ್ಷದ ಅರ್ಧ ಭಾಗ ಯಾರೋ ಒಬ್ಬರು ಗಾಳಿ ಬರುವ ದಿಕ್ಕಿಗೆ ಬೀಳುತ್ತಾರೆ. ಒಂದು ದೊಡ್ಡ ಸೈರನ್ನಿನ ಬದಲು ಎರಡು ಚಿಕ್ಕದನ್ನು ತೋಟದ ಎರಡು ತುದಿಗೆ ಹಾಕುವುದು ಒಳ್ಳೆಯದು. ದುಡ್ಡು ಸ್ವಲ್ಪ ಜಾಸ್ತಿ ಆಗಬಹುದು. ಮಳೆಗಾಲದಲ್ಲಿ ಶೀಟಿನ ಮನೆಯ ಮೇಲೆ ಮಳೆ ಹೊಡೆಯುವಾಗ ಒಳಗಿದ್ದವರಿಗೆ ಯಾವ ಸೈರನ್ನೂ ಕೇಳಿಸುವುದಿಲ್ಲ. ಅದಕ್ಕೆ ಫೋನ್ ಕಾಲ್ ಅಥವಾ ಮನೆ ಒಳಗೇ ಒಂದು ಬೆಲ್ ಬೇಕು, ಸದ್ದಿನ ಶಾಸ್ತ್ರದಿಂದ ಪ್ರಯೋಜನವಿಲ್ಲ.

ಹಾಕಿಸಿದ ಮೇಲೆ ಪರೀಕ್ಷೆ ಮಾಡುತ್ತೀರಲ್ಲ, ಅದನ್ನು ಬೆಳಿಗ್ಗೆ ಮಾಡಬೇಡಿ. ಆ ಹೊತ್ತು ಯಾವ ಸೈರನ್ ಆದರೂ ಪಾಸಾಗುತ್ತದೆ. ಬಿಸಿಲಿರುವ ದಿನ ಮಧ್ಯಾಹ್ನ ಎರಡು ಗಂಟೆಗೆ, ಗಾಳಿ ಲೈನ್‌ಮನೆ ಕಡೆಯಿಂದ ಸೈರನ್ ಕಡೆಗೆ ಬೀಸುವಾಗ ಕೂಗಿಸಿ. ಲೈನ್‌ಮನೆಯ ಜಗಲಿಯಲ್ಲಿ ಒಬ್ಬರನ್ನು ಕೂರಿಸಿ. ಸೈರನ್ ಯಾವಾಗ ಆಗುತ್ತದೆ ಅಂತ ಅವರಿಗೆ ಹೇಳಬೇಡಿ, ಕಾದು ಕೇಳುವ ಕಿವಿಗೆ ಎಲ್ಲ ಕೇಳಿಸುತ್ತದೆ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿಸಿಕೊಂಡರೆ ಎಷ್ಟು ಸೆಕೆಂಡಿಗೊಮ್ಮೆ ಸದ್ದು ಮಂಕಾಗುತ್ತದೆ ಅಂತಲೂ ಎಣಿಸಬಹುದು. ಎಷ್ಟು ಹೊತ್ತು ಕೂಗಿಸಬೇಕು ಅನ್ನುವುದನ್ನು ಅದನ್ನು ನೋಡಿಯೇ ಗೊತ್ತುಮಾಡಿ.